ಹಲ್ಲುಸೆಟ್ಟಿನಲ್ಲಿ ಕಾಣದ ಸೆಪರೇಟರಿನ ವಿಚಾರವಾಗಿ ಉಗ್ರಾಣಾಧಿಕಾರಿಗಳಿಗೆ ಅಕ್ರಿಲಿಕ್ ಕೋಣೆಯ ಅರಿಕೆ

ಮಾನ್ಯ ಉಗ್ರಾಣಾಧಿಕಾರಿಗಳೇ,

ದಂತ ಆಸ್ಪತ್ರೆಯ ಬೀಗದ ಕೈಗಳೆಲ್ಲವನ್ನೂ ಒಂದೇ ಸೊಂಟದಲ್ಲಿ ಹೊತ್ತು, ಹತ್ತಿಯ ಉಂಡೆಯಿಂದ ಹಿಡಿದು ರೋಗಿಯ ಕುರ್ಚಿಯ ಗಾಲಿಯವರೆಗೆ ಸಕಲ ವಸ್ತುಗಳ ಯೋಗಕ್ಷೇಮ ನೋಡಿಕೊಳ್ಳುತ್ತಿರುವ ತಮಗೆ, ಅದೇ ಆಸ್ಪತ್ರೆಯ ಹಿಂಭಾಗದಲ್ಲಿ, ಬಾಯ್ಲರಿನ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಹಲ್ಲುಸೆಟ್ಟು ಬೇಯಿಸುವ ಹಿರಿಯ ಕೆಲಸಗಾರ್ತಿಯು ಬಾಗಿ ಮಾಡುವ ನಮಸ್ಕಾರಗಳು. ತಾವು ಕುಶಲವೆಂದು ನಂಬಿದ್ದೇನೆ. ತಮ್ಮ ಹಲ್ಲುಗಳು ಕುಶಲವೆಂದು ಇನ್ನೂ ಗಟ್ಟಿಯಾಗಿ ನಂಬಿದ್ದೇನೆ, ಏಕೆಂದರೆ ಅವು ಅಲುಗಾಡಿದ ದಿನ ತಾವು ಬಂದು ನಿಲ್ಲಬೇಕಾದದ್ದು ನನ್ನ ಮೇಜಿನ ಮುಂದೆಯೇ.

ಈ ಪತ್ರವನ್ನು ಲಕೋಟೆಯಲ್ಲಿ ಕಳಿಸದೆ ಹೊರರೋಗಿಗಳ ಬೆಂಚಿನ ಎದುರಿನ ಗೋಡೆಗೆ ಅಂಟಿಸುತ್ತಿರುವುದಕ್ಕೆ ಕ್ಷಮೆ ಇರಲಿ. ತಮ್ಮ ಕಚೇರಿಗೆ ಹೋದ ಕಾಗದಗಳು ಅತ್ತೆಮನೆ ಸೇರಿದ ಮಗಳಂತೆ ಅಲ್ಲೇ ಒಗ್ಗಿಹೋಗಿ ಹಿಂದಿರುಗುವ ಮಾತೇ ಆಡುವುದಿಲ್ಲವಾದ್ದರಿಂದ, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕೂತ ಸಾರ್ವಜನಿಕರಾದರೂ ಇದನ್ನು ಓದಲಿ ಎಂದು ಆಸೆಪಟ್ಟಿದ್ದೇನೆ. ಅವರಿಗೆ ಮಾತಾಡಲು ಬಾರದಿದ್ದರೂ ಓದಲು ಬೇಕಾದಷ್ಟು ಪುರುಸೊತ್ತಿದೆ.

ಮೊದಲಿಗೆ ಅಭಿನಂದನೆ. ಉಗ್ರಾಣ ತಪಾಸಣೆಯ ನೆಪದಲ್ಲಿ ತಾವು ನಮ್ಮ ಕೋಣೆಗೆ ದಯಮಾಡಿಸಿದ ದಿನ, ಈ ಕಸುಬಿನಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ತಾವು ಕೇಳಿದಿರಿ. ಕಪಾಟಿನಿಂದ ಒಂದೊಂದೇ ಸಾಮಾನು ಇಳಿಸಿ, "ಇದೇನು?" ಎಂದಿರಿ. ಪ್ಲಾಸ್ಟರ್ ಎಂದೆವು. "ಇದು?" ಮೇಣ ಎಂದೆವು. "ಈ ಗುಲಾಬಿ ಪುಡಿ?" ಅಕ್ರಿಲಿಕ್ ಸ್ವಾಮಿ, ಇದೇ ವಸಡಾಗುವುದು ಎಂದೆವು. ಕೊನೆಗೆ ಗುಲಾಬಿ ನೀರಿನಂಥ ದ್ರಾವಣದ ಬಾಟಲಿ ಎತ್ತಿದಿರಿ. ಅದು ಸೆಪರೇಟರ್ ಎಂದೆವು. ಆಗ ತಾವು ಮೇಜಿನ ಮೇಲಿದ್ದ, ಪಾಲಿಶು ಮುಗಿದು ಹೊಳೆಯುತ್ತಿದ್ದ ಸೆಟ್ಟೊಂದನ್ನು ಕರವಸ್ತ್ರದಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿ, "ಹಲ್ಲು ಕಾಣ್ತಿದೆ, ವಸಡು ಕಾಣ್ತಿದೆ. ನಿಮ್ಮ ಸೆಪರೇಟರ್ ಎಲ್ಲಮ್ಮ ಕಾಣ್ತಿದೆ?" ಎಂದು ಕೇಳಿದಿರಿ. ಅದು ಕಾಣುವುದಿಲ್ಲ, ಕೆಲಸ ಮುಗಿದ ಮೇಲೆ ತೊಳೆದು ಹೋಗುತ್ತದೆ ಎಂದೆ. ತಾವು ತಲೆದೂಗಿ, "ಕೊನೇಲಿ ಇಲ್ಲದ್ದು ಮೊದಲು ಯಾಕೆ ಬೇಕು?" ಎಂದಿರಿ. ಹೊರಡುವಾಗ ಬಾಟಲಿಗಳೂ ತಮ್ಮ ಜೊತೆಯಲ್ಲೇ ಹೊರಟವು. ಇಷ್ಟು ಸರಳವಾದ ಸತ್ಯ ಹೊಳೆಯದೆ ಹೋದ ನಮ್ಮ ಮಂದಬುದ್ಧಿಗೆ ನಾನು ಆ ಕ್ಷಣವೇ ನಾಚಿದೆ.

ಬೆಂಚಿನ ಮೇಲೆ ಕೂತವರಿಗೆ ಗೊತ್ತಿರಲಾರದೆಂದು ಒಂದೆರಡು ಮಾತು ವಿವರಿಸುತ್ತೇನೆ. ತಮಗೆ ಗೊತ್ತಿರುವುದರಿಂದ ಈ ಭಾಗವನ್ನು ಬಿಟ್ಟು ಓದಬಹುದು. ಮೇಣದಲ್ಲಿ ವಸಡು ಮಾಡಿ, ಅದಕ್ಕೆ ಹಲ್ಲು ಕೂರಿಸಿ, ಎಲ್ಲವನ್ನೂ ಎರಡು ಹೋಳಿನ ಹಿತ್ತಾಳೆ ಪೆಟ್ಟಿಗೆಯೊಳಗೆ ಪ್ಲಾಸ್ಟರಿನಲ್ಲಿ ಹೂಳುತ್ತೇವೆ. ಕುದಿನೀರು ಬಿಟ್ಟರೆ ಮೇಣ ಕರಗಿ ಹೊರಬಂದು, ಹಲ್ಲುಗಳು ಪ್ಲಾಸ್ಟರಿನಲ್ಲಿ ಕಚ್ಚಿಕೊಂಡು ಉಳಿದು, ವಸಡಿನ ಜಾಗ ಖಾಲಿಯಾಗುತ್ತದೆ. ಆ ಖಾಲಿ ಜಾಗದ ಪ್ಲಾಸ್ಟರಿಗೆ ಸೆಪರೇಟರ್ ಬಳಿದು, ಹಲ್ಲಿಗೆ ಮಾತ್ರ ಒಂದು ಹನಿಯೂ ತಾಗದಂತೆ ನೋಡಿಕೊಂಡು, ನಾದಿದ ಅಕ್ರಿಲಿಕ್ ತುಂಬಿ, ಪೆಟ್ಟಿಗೆ ಬಿಗಿದು, ನೀರಿನಲ್ಲಿ ಬೇಯಿಸುತ್ತೇವೆ. ಕಾವಲಿಗೆ ಎಣ್ಣೆ ಸವರಿದ ಹಾಗೆ. ಸವರಿದರೆ ಬೆಂದದ್ದು ಎದ್ದು ಬರುತ್ತದೆ. ಸವರದಿದ್ದರೆ ಅಕ್ರಿಲಿಕ್ಕು ಪ್ಲಾಸ್ಟರನ್ನು ತಬ್ಬಿಕೊಂಡು, ಅದರ ತೇವವನ್ನೆಲ್ಲ ಕುಡಿದು, ಬೆಳ್ಳಗೆ ಬಿಳುಚಿಕೊಂಡು, ಸುತ್ತಿಗೆ ತಂದರೂ ಬಿಡೆನೆಂದು ಕೂರುತ್ತದೆ. ಕಾವಲಿಗೆ ಎಣ್ಣೆ ಬೇಡವೆಂದು ಅಪ್ಪಣೆ ಮಾಡುವ ಯಜಮಾನರನ್ನು ನಾನು ಬೇರೆ ಮನೆಗಳಲ್ಲೂ ಕಂಡಿದ್ದೇನೆ; ಅಲ್ಲಿ ಹಿಟ್ಟು ಹುಯ್ಯುವವರು ಅವರಲ್ಲ.

ತಮ್ಮ ಸಿದ್ಧಾಂತ ಇಷ್ಟಕ್ಕೇ ನಿಂತುಬಿಟ್ಟರೆ ನಾಡಿಗೆ ನಷ್ಟವೆಂಬ ಕಳಕಳಿಯಿಂದ, ಅದನ್ನು ವಿಸ್ತರಿಸಲು ಕೆಲವು ಸಲಹೆಗಳನ್ನು ವಿನಯದಿಂದ ಮುಂದಿಡುತ್ತೇನೆ. ಒಗೆದ ಅಂಗಿಯಲ್ಲಿ ಸೋಪು ಉಳಿದಿರುವುದಿಲ್ಲ, ಆದ್ದರಿಂದ ಧೋಬಿಗೆ ಸೋಪು ಕೊಡುವುದನ್ನು ನಿಲ್ಲಿಸಬಹುದು. ಕಟ್ಟಿ ಮುಗಿದ ಗೋಡೆಯಲ್ಲಿ ಸಾರುವೆ ಕಾಣುವುದಿಲ್ಲ, ಆದ್ದರಿಂದ ಗಾರೆಯವರು ಮುಂದೆ ಗಾಳಿಯಲ್ಲಿ ನಿಂತು ಇಟ್ಟಿಗೆ ಇಡಬಹುದು. ಕಿತ್ತ ಹಲ್ಲನ್ನು ಎಷ್ಟು ಹಿಂಡಿದರೂ ಅದರಿಂದ ಮರಗಟ್ಟಿಸುವ ಮದ್ದಿನ ಒಂದು ಹನಿಯೂ ಬೀಳುವುದಿಲ್ಲ, ಆದ್ದರಿಂದ ಆ ಚುಚ್ಚುಮದ್ದೂ ದಂಡ. ಈ ಸುಧಾರಣೆಯನ್ನು ಜಾರಿಗೆ ತರುವ ಮೊದಲು ತಮ್ಮದೇ ಒಂದು ದವಡೆಹಲ್ಲಿನ ಮೇಲೆ ಪ್ರಯೋಗಿಸಿ ಉಳಿದವರಿಗೆ ದಾರಿ ತೋರಬೇಕೆಂದು ಪ್ರಾರ್ಥನೆ. ತಾವು ಹೋದ ಮೇಲೆ ಅದೇ ಸೆಟ್ಟನ್ನು ಅದೇ ಬೆಳಕಿಗೆ ಹಿಡಿದು ನಾನೂ ಬಹಳ ಹೊತ್ತು ನೋಡಿದೆ. ಹಲ್ಲಿತ್ತು, ವಸಡಿತ್ತು. ತಾವು ಮಾತ್ರ ಎಲ್ಲೂ ಕಾಣಲಿಲ್ಲ.

ಸೆಪರೇಟರಿಲ್ಲದೆ ಕೆಲಸ ಹೇಗೆಂದು ನಾವು ಬರೆದು ಕೇಳಿದ್ದಕ್ಕೆ ತಾವು ಕೊಟ್ಟ ಉತ್ತರವನ್ನು ಚೌಕಟ್ಟು ಹಾಕಿಸಬೇಕೆಂದಿದ್ದೇನೆ. "ಸದರಿ ದ್ರಾವಣದ ಬದಲಿಗೆ ಸಿಬ್ಬಂದಿಯು ಕಾಳಜಿಯನ್ನು ಬಳಸತಕ್ಕದ್ದು." ಪ್ಲಾಸ್ಟರು ಕಲಸುವ ನಮ್ಮ ಹಿರಿಯರು, ಆಸ್ಪತ್ರೆಯೆಲ್ಲ ಪ್ಲಾಸ್ಟರ್ ಮಾವ ಎಂದು ಕರೆಯುವವರು, ಇದನ್ನು ಕನ್ನಡಕ ಏರಿಸಿ ಓದಿ, "ಕಾಳಜಿ ಲೀಟರ್‌ನಲ್ಲಿ ಬರುತ್ತೋ ಕೆಜಿಯಲ್ಲೋ ಕೇಳಮ್ಮ. ಬ್ರಷ್ಷಲ್ಲಿ ಹಚ್ಚೋದೋ, ಅದ್ದೋದೋ ಅದನ್ನೂ ಕೇಳು" ಎಂದರು. ಹಾಗೆಯೇ ಕೇಳಿ ಬರೆದೆ. ಆ ಕಾಗದವೂ ತಮ್ಮ ಮನೆಯ ಸೊಸೆಯಾಗಿದೆ.

ಈಗ ನಮ್ಮ ಭಾವನ ವಿಷಯಕ್ಕೆ ಬರುತ್ತೇನೆ. ಭಾವ ಎಂದರೆ ನನ್ನ ಸ್ವಂತ ಅಕ್ಕನ ಗಂಡ. ತನಿಖೆ ನಡೆಸಿ ಈ ಸಂಬಂಧವನ್ನು ಪತ್ತೆಹಚ್ಚುವ ಶ್ರಮ ತಮಗೆ ಬೇಡವೆಂದು ನಾನೇ ಹೇಳಿಬಿಡುತ್ತಿದ್ದೇನೆ. ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವರ ಕೆಲಸ. ಅಲ್ಲಿ ಅವರನ್ನು ಕೂಗಣ್ಣ ಎಂದೇ ಕರೆಯುತ್ತಾರೆ. ಮುಂಜಾನೆ ಅವರು "ಒಂದು" ಎಂದರೆ ಗೇಟಿನ ಹೊರಗೆ ಚಹಾ ಕುಡಿಯುವವರು ಲೋಟ ಕೆಳಗಿಡುತ್ತಿದ್ದರು, "ಎರಡು" ಎಂದರೆ ಓಡಿಬರುತ್ತಿದ್ದರು, "ಮೂರು" ಎಂದರೆ ಮಾಲು ಯಾರದೋ ಆಗಿರುತ್ತಿತ್ತು. ವಸಡಿನ ಕಾಯಿಲೆಯಿಂದ ಮೇಲಿನ ಹಲ್ಲೆಲ್ಲ ಹೋದಾಗ ಮಾತು ಗಾಳಿಯಾಗತೊಡಗಿತು. ಬೆಂಡೆಕಾಯಿ ಎಂದರೆ ಬದನೆಕಾಯಿಯವರು ತಿರುಗಿ ನೋಡುವ ಹಾಗಾಯಿತು. ಮಾರುಕಟ್ಟೆಯ ಮಾಲೀಕರು ಒಳ್ಳೆಯವರು. ಹಲ್ಲು ಕಟ್ಟಿಸಿಕೊಂಡು ಬಾ ಎಂದು ರಜೆ ಕೊಟ್ಟರು. ವಸಡು ಮಾಗುವವರೆಗೆ ಕಾದು, ಅಳತೆ ಕೊಟ್ಟು, ಭಾವ ನಮ್ಮ ಆಸ್ಪತ್ರೆಯ ಸಾಲಿನಲ್ಲಿ ಎಲ್ಲರಂತೆ ನಿಂತರು. ಅವರ ಸೆಟ್ಟಿನ ಸರದಿ ಬಂದದ್ದು ತಮ್ಮ ಕಾಳಜಿಯ ಕಾಲದಲ್ಲಿ.

ಆ ಪೆಟ್ಟಿಗೆ ತೆರೆದ ದಿನ ಪ್ಲಾಸ್ಟರ್ ಮಾವ ಮೊದಲು ಉಳಿ ಹಿಡಿದರು, ಆಮೇಲೆ ಸುತ್ತಿಗೆ ಹಿಡಿದರು, ಕೊನೆಗೆ ತಲೆ ಹಿಡಿದುಕೊಂಡು ಕೂತರು. ಅಂಗುಳದ ಭಾಗ, ಅಂದರೆ ಬಾಯಿಯ ಮಾಡಿಗೆ ಗಾಳಿಯೂ ನುಸುಳದಂತೆ ಕಚ್ಚಿ ಕೂರಬೇಕಾದ ಭಾಗ, ಪೂರ್ತಿ ಪ್ಲಾಸ್ಟರಿನ ಹುಣ್ಣು ಎದ್ದಂತಿತ್ತು. ಕೆರೆದೆವು. ಅಕ್ರಿಲಿಕ್ಕೂ ಜೊತೆಗೆ ಕಿತ್ತುಬಂತು. ಉಜ್ಜಿದೆವು. ಅಳತೆಯೂ ಜೊತೆಗೆ ಸವೆಯಿತು. ಇದು ಕೂರುವುದಿಲ್ಲ, ಬೇರೆ ಮಾಡಲು ಸೆಪರೇಟರ್ ಬೇಕೆಂದು ಬರೆದರೆ, ಒಮ್ಮೆ ತಯಾರಾದ ವಸ್ತುವನ್ನು ವಿತರಿಸದೆ ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವಿಲ್ಲವೆಂದು ತಮ್ಮಿಂದ ತಕ್ಷಣ ಉತ್ತರ ಬಂತು. ಬೇಡವಾದಾಗ ತಮ್ಮ ಕಚೇರಿಯ ಚುರುಕು ಯಾರಿಗುಂಟು! ಸೆಟ್ಟು ಭಾವನ ಬಾಯಿ ಸೇರಿತು.

ಮುಂದಿನದನ್ನು ಅಕ್ಕನ ಬಾಯಿಂದ ಕೇಳಿದ್ದೇನೆ. ಭಾವ ಹರಾಜಿನ ಕಟ್ಟೆ ಏರಿದರು, ಜನ ಚಪ್ಪಾಳೆ ತಟ್ಟಿದರು. ಒಂದು ಎಂದರು, ಸೆಟ್ಟು ಕುಣಿಯಿತು. ಎರಡು ಎಂದರು, ನಾಲಿಗೆಯಿಂದ ಒತ್ತಿ ಹಿಡಿದರು. ಮೂರು ಎನ್ನಲು ಬಾಯಿ ತೆರೆದಾಗ ಮಾತು ಹೊರಬರುವ ಮೊದಲೇ ಹಲ್ಲು ಹೊರಬಂದು, ಟೊಮ್ಯಾಟೊ ತುಂಬಿದ ಟ್ರೇ ಒಂದರೊಳಗೆ ಇಳಿದು ಮರೆಯಾಯಿತು. ಆ ಟ್ರೇ ಕೊಂಡವನು, "ಹರಾಜಾದ ಮೇಲೆ ಟ್ರೇಲಿರೋದೆಲ್ಲ ನಂದೇ ತಾನೇ?" ಎಂದು ನಗೆಯಾಡಿದ. ಎಲ್ಲರೂ ನಕ್ಕರು. ಭಾವನೂ ನಗಲು ಹೋಗಿ, ಬಾಯಿಗೆ ವಲ್ಲಿ ಅಡ್ಡ ಹಿಡಿದುಕೊಂಡು ಕಟ್ಟೆ ಇಳಿದರಂತೆ. ಮಾಲೀಕರು ಮಾತ್ರ ನಗದೆ ಪಕ್ಕಕ್ಕೆ ಕರೆದು, "ಬೇಜಾರ್ ಮಾಡ್ಕೋಬೇಡ ಕೂಗಣ್ಣ. ಇನ್ನೊಂದು ವಾರ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಕೂಗೋದು ಬೇರೆಯವ್ರಿಗೆ. ನೀನು ಗೇಟಲ್ಲಿ ಚೀಟಿ ಹರ್ಕೊಂಡು ಕೂತ್ಕೋ, ಕೂಲಿಗೇನೂ ಮೋಸ ಆಗಲ್ಲ" ಎಂದರು.

ಮಾನ್ಯರೇ, ಕೂಲಿಗೆ ಮೋಸವಾಗುವುದಿಲ್ಲವೆಂಬ ಮಾತಿಗೇ ಭಾವ ಊಟ ಬಿಟ್ಟರು. ಜೀವಮಾನವೆಲ್ಲ ಕಟ್ಟೆಯ ಮೇಲೆ ನಿಂತು ಕೂಗಿದವನನ್ನು, ಹಾದುಹೋಗುವವರೆಲ್ಲ ತಲೆ ಸವರುವ ಗೇಟಿನ ಸ್ಟೂಲಿನ ಮೇಲೆ ಕೂರಿಸುವುದೆಂದರೆ ಏನೆಂದು ತಮ್ಮ ಕುರ್ಚಿಯಿಂದ ಏಳದೆ ತಿಳಿಯುವುದು ಕಷ್ಟ. ಅಕ್ಕ ನಮ್ಮ ಮನೆಯ ಬಾಗಿಲಲ್ಲೇ ನಿಂತು, ಒಳಗೂ ಬಾರದೆ, "ಊರಿಗೆಲ್ಲ ಹಲ್ಲು ಮಾಡಿ ಕೊಡ್ತೀಯ. ನಿಮ್ಮ ಭಾವನ ಬಾಯಿಗೆ ಸುಣ್ಣದ ಗಡ್ಡೆ ಸಿಕ್ತಾ ನಿಂಗೆ?" ಎಂದಳು. ಅದು ಸುಣ್ಣವಲ್ಲ ಪ್ಲಾಸ್ಟರ್ ಎಂದು ತಿದ್ದುವ ಧೈರ್ಯ ನನಗಾಗಲಿಲ್ಲ. ನನಗೆ ಬಂದ ಸಿಟ್ಟು ತಮ್ಮ ಮೇಲೆ, ಬಿದ್ದ ಬೈಗುಳ ನನ್ನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಉಗ್ರಾಣದವರು ಕಟ್ಟಿದ ಗಾದೆಯೇ ಇರಬೇಕು.

ಆದ್ದರಿಂದ ನಾನೊಂದು ಅಪರಾಧ ಮಾಡಿದೆ. ಹಿಂದಿನ ಬೀದಿಯ ಸಾಮಾನಿನ ಅಂಗಡಿಯಿಂದ ಒಂದು ಬಾಟಲಿ ಸೆಪರೇಟರನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದೆ. ಮದ್ಯ ತರುವವರೂ ಅಷ್ಟು ಹೆದರಲಾರರು. ಭಾವನ ಬಾಯಿಯ ಅಳತೆಯನ್ನು ಹೊಸದಾಗಿ ತೆಗೆಸಿ, ಮೇಣ ಇಳಿಸಿ, ಪ್ಲಾಸ್ಟರಿಗೆ ಮೆಲ್ಲಗೆ ಬಳಿದು, ಹಲ್ಲಿನ ಬುಡಗಳನ್ನು ಒಂದೊಂದಾಗಿ ಒರೆಸಿ ಸೆಟ್ಟು ಬೇಯಿಸಿದೆ. ಪೆಟ್ಟಿಗೆ ತಣ್ಣಗಾದ ಮೇಲೆ ಪ್ಲಾಸ್ಟರ್ ಮಾವ ಸುತ್ತಿಗೆಯಿಂದ ಹೀಗೆ ತಟ್ಟಿದರೋ ಇಲ್ಲವೋ, ಪ್ಲಾಸ್ಟರು ತಾನಾಗಿ ಹೋಳಾಗಿ ಬಿಟ್ಟಿತು. ಈರುಳ್ಳಿಯ ಒಳಪೊರೆಯಷ್ಟು ತೆಳ್ಳನೆಯ ಪದರವೊಂದು ಸೆಟ್ಟಿನಿಂದ ಸುಲಿದು ಬಂದು ನನ್ನ ಬೆರಳಿಗೆ ಅಂಟಿತು, ನಲ್ಲಿಯ ಕೆಳಗೆ ಹಿಡಿದೊಡನೆ ಹರಿದುಹೋಯಿತು. ಕೆಳಗಿದ್ದ ಗುಲಾಬಿ ಅಂಗುಳ ನುಣುಪಾಗಿತ್ತು. "ಅಬ್ಬಾ, ಇನ್ನು ನಿಮ್ಮಕ್ಕ ಮನೆ ಒಳಗೆ ಬರ್ತಾಳೆ ಬಿಡು" ಎಂದರು ಮಾವ. ನನಗೆ ಎಷ್ಟು ಸಂತೋಷವಾಯಿತೆಂದರೆ ತಮ್ಮನ್ನೂ ಕ್ಷಮಿಸಿಬಿಡೋಣ ಎನಿಸಿತ್ತು.

ಸೆಟ್ಟು ಭಾವನ ಬಾಯಿ ಸೇರಿತ್ತಷ್ಟೇ, ತಮ್ಮ ಆದೇಶ ಬಂತು. ಉಗ್ರಾಣದಿಂದ ವಿತರಣೆಯಾಗದ, ಅನುಮೋದನೆಯಿಲ್ಲದ ದ್ರಾವಣವೊಂದು ಆಸ್ಪತ್ರೆಯ ಸ್ವತ್ತಾದ ಅಕ್ರಿಲಿಕ್ಕಿಗೆ ತಾಗಿರುವುದು ಗಮನಕ್ಕೆ ಬಂದಿರುವುದರಿಂದ, ಸದರಿ ಸೆಟ್ಟನ್ನು ಧರಿಸಿದವರಿಂದ ವಾಪಸು ಪಡೆದು ಉಗ್ರಾಣದಲ್ಲಿಟ್ಟು, ಮುಂದೆ ಬರುವ ಇನ್ನೊಬ್ಬ ಅರ್ಹ ರೋಗಿಗೆ ನೀಡತಕ್ಕದ್ದು. ಇದನ್ನು ನಾನು ಎರಡು ಸಲ ಓದಿದೆ. ಒಬ್ಬರ ಚಪ್ಪಲಿ ಇನ್ನೊಬ್ಬರಿಗೆ ಆಗದ ಈ ಲೋಕದಲ್ಲಿ ಒಬ್ಬರ ಅಂಗುಳ ಇನ್ನೊಬ್ಬರಿಗೆ ಆಗುವುದೆಂಬ ತಮ್ಮ ಸಮಾನತೆಯ ಕನಸಿಗೆ ಕೈಮುಗಿದೆ. ಒಂದು ಸಣ್ಣ ಸಂಶಯ ಮಾತ್ರ ಕಾಡಿತು. ಆ ದ್ರಾವಣ ಸೆಟ್ಟಿನಲ್ಲಿ ಇರುವುದೇ ಇಲ್ಲವೆಂದು ಮೊದಲು ಸಾರಿದವರು ತಾವು. ಈಗ ಅದು ಸೆಟ್ಟಿನಲ್ಲಿದೆ ಎಂದು ಜಪ್ತಿಗೆ ಹೊರಟವರೂ ತಾವೇ.

ಸೆಟ್ಟು ತರಲು ತಾವು ಕಳಿಸಿದ್ದು ತಮ್ಮ ಗುಮಾಸ್ತರನ್ನು. ಸಾಧು ಮನುಷ್ಯ, ನೊಣ ಕೂತರೂ ಅದಕ್ಕೆ ತೊಂದರೆಯಾದೀತೆಂದು ಕೈ ಬೀಸದವರು. ಅವರು ಮಾರುಕಟ್ಟೆಗೆ ಹೋದದ್ದು ಮಾಲೀಕರು ಕೊಟ್ಟ ಗಡುವಿನ ಕಡೆಯ ದಿನ, ಭಾವ ಹೊಸ ಹಲ್ಲಿನಲ್ಲಿ ಕಟ್ಟೆ ಏರಿದ ಗಳಿಗೆಯಲ್ಲಿ. ಅಕ್ಕ ಮತ್ತು ನಾನು ಎಲೆಕೋಸಿನ ರಾಶಿಯ ಹಿಂದೆ ನಿಂತಿದ್ದೆವು. ಒಂದು ಲಾರಿ ಕುಂಬಳಕಾಯಿಯ ಸರದಿ ಬಂದಿತ್ತು. ಭಾವ ಮಾಲಿನ ಗುಣಗಾನ ಮಾಡಿದರು. ಬೆಂಡೆ ಬೆಂಡೆಯಾಗಿ, ಬದನೆ ಬದನೆಯಾಗಿ ಕೇಳುವಂಥ ಹಳೆಯ ಗಂಟಲು ಅದು. ಅಕ್ಕ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದಳು. ಆಗಲೇ ತಮ್ಮ ಗುಮಾಸ್ತರು ಜನರ ನಡುವೆ ತೂರಿ ಬಂದು, ತಮ್ಮ ಆದೇಶವನ್ನು ಎತ್ತಿ ಹಿಡಿದು, "ಸ್ವಾಮಿ, ಇಲ್ಲಿ, ಇಲ್ಲಿ! ನಿಲ್ಲಿಸಿ!" ಎಂದು ಕೂಗಿದರು.

ಸಗಟು ಮಾರುಕಟ್ಟೆಯಲ್ಲಿ ಕಟ್ಟೆಯ ಮುಂದೆ ಎತ್ತಿದ ಕೈಗೆ ಒಂದೇ ಅರ್ಥ. ತಮ್ಮ ಗುಮಾಸ್ತರಿಗೆ ಅದು ತಿಳಿದಿರಲಿಲ್ಲ.

"ಒಂದು!" ಎಂದರು ಭಾವ, ಆ ಕೈಯನ್ನೇ ನೋಡುತ್ತ. ಭಾವ ತನ್ನನ್ನು ಗಮನಿಸಿದರೆಂದು ಗುಮಾಸ್ತರು ಸಂತೋಷಪಟ್ಟು ಕೈಯನ್ನು ಇನ್ನಷ್ಟು ಮೇಲಕ್ಕೆ ಎತ್ತಿದರು. "ಎರಡು!" ಎಂದರು ಭಾವ. ಗುಮಾಸ್ತರು ತುದಿಗಾಲಲ್ಲಿ ನಿಂತರು. ಆಮೇಲೆ ಭಾವ ಬಾಯಿ ತೆರೆದ ಕ್ಷಣದಲ್ಲಿ, ಮಾನ್ಯರೇ, ಮಾರುಕಟ್ಟೆಯಲ್ಲಿದ್ದವರೆಲ್ಲ ಟ್ರೇಗಳ ಕಡೆಗೆ ನೋಡಿದರು. ಏನೂ ಬೀಳಲಿಲ್ಲ. "ಮೂರು!" ಎಂಬ ಕೂಗು ತಗಡಿನ ಮಾಡಿಗೆ ಹೊಡೆದು, ಗೇಟು ದಾಟಿ, ಚಹಾ ಅಂಗಡಿಯವರೆಗೂ ಹೋಯಿತು. ಅಕ್ಕ ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳು. ನಾನೂ ಅತ್ತೆ. ಇಷ್ಟು ವರ್ಷ ಹಲ್ಲು ಬೇಯಿಸಿದ್ದು ಈ ಒಂದು ಶಬ್ದ ಕೇಳುವುದಕ್ಕೇ ಎನಿಸಿತು.

ಗುಮಾಸ್ತರು ತಾನು ಬಂದದ್ದು ಕುಂಬಳಕಾಯಿಗಲ್ಲ, ಹಲ್ಲಿಗೆ ಎಂದು ವಿವರಿಸಲು ಹೋದಷ್ಟೂ ನಗು ಜಾಸ್ತಿಯಾಯಿತು. ಮಾಲೀಕರು ಅವರ ಕೈಯಲ್ಲಿದ್ದ ಕಾಗದ ಇಸಿದುಕೊಂಡು ನೋಡಿ, "ಕೈ ಎತ್ತಿದ್ರೋ ಇಲ್ವೋ? ಎತ್ತಿದ್ರಿ. ಮೂರು ಸಲ ಕೂಗಿದ್ರೋ ಇಲ್ವೋ? ಕೂಗಿದ್ರು. ಉಗ್ರಾಣಾಧಿಕಾರಿಗಳ ಸಹಿ ಇದೆ, ಮೊಹರೂ ಇದೆ. ಇನ್ನೇನು ಬೇಕು? ಲಾರಿ ಅವರ ಉಗ್ರಾಣಕ್ಕೇ ಹೊಡೀರಪ್ಪ!" ಎಂದರು. ಆಮೇಲೆ ಭಾವನ ಕಡೆ ತಿರುಗಿ, "ಗೇಟಿಗೆ ಬೇರೆಯವ್ರನ್ನ ನೋಡ್ತೀನಿ ಕೂಗಣ್ಣ, ನಿನ್ನ ಬಾಯಿ ಇಲ್ಲೇ ಇರ್ಲಿ" ಎಂದರು. ಬೇಕೆಂದೇ ಹೀಗೆ ಮಾಡಿದಿರಾ ಎಂದು ನಾನು ಭಾವನನ್ನು ಕೇಳದೆ ಇರಲಿಲ್ಲ. "ಕಟ್ಟೆ ಮೇಲಿಂದ ನಮ್ಗೆ ಕೈ ಮಾತ್ರ ಕಾಣ್ಸೋದು ಕಣಮ್ಮ, ಮುಖ ಕಾಣ್ಸಲ್ಲ" ಎಂದು ಹೇಳಿ, ಅವರು ಹೊಸ ಹಲ್ಲಿನಲ್ಲಿ ಸೌತೆಕಾಯಿ ಕಡಿಯತೊಡಗಿದರು.

ಆದ್ದರಿಂದ ತಮ್ಮಲ್ಲಿ ಕೊನೆಯ ವಿನಂತಿ. ಬೀಗ ಹಾಕಿಟ್ಟಿರುವ ಸೆಪರೇಟರ್ ಬಾಟಲಿಗಳನ್ನು ನಮ್ಮ ಕೋಣೆಗೆ ಬಿಟ್ಟುಕೊಡಿ. ಬೆಂಚಿನ ಮೇಲೆ ಕೂತವರಲ್ಲಿ ಹಾಡುವವರಿದ್ದಾರೆ, ಪಾಠ ಹೇಳುವವರಿದ್ದಾರೆ, ಬಸ್ಸಿನ ಬಾಗಿಲಲ್ಲಿ ನಿಂತು ಊರ ಹೆಸರು ಕೂಗುವವರಿದ್ದಾರೆ, ಮೊಮ್ಮಕ್ಕಳ ಮುಂದೆ ಬಾಯಿ ತೆರೆದು ನಗಬೇಕೆಂಬ ಒಂದೇ ಆಸೆಯಿಟ್ಟುಕೊಂಡ ಮುದುಕಿಯರಿದ್ದಾರೆ. ಇವರೆಲ್ಲರಿಗೂ ಮಾರುಕಟ್ಟೆಯ ಮಾಲೀಕರಂಥವರು ಸಿಗುವುದಿಲ್ಲ. ಇದರಲ್ಲಿ ತಮಾಷೆಯೇನೂ ಇಲ್ಲ.

ಕೂಗಣ್ಣನ ನಾದಿನಿಯೂ ತಮ್ಮ ಸೆಟ್ಟನ್ನು ಮುಂದೊಂದು ದಿನ ಬೇಯಿಸಲಿರುವವಳೂ ಆದ,

ತಮ್ಮ ವಿಶ್ವಾಸಿ,
ಅಕ್ರಿಲಿಕ್ ಕೋಣೆಯ ಹಿರಿಯ ಕೆಲಸಗಾರ್ತಿ

ತಾ.ಕ.: ಗುಮಾಸ್ತರು ಇನ್ನು ಮಾರುಕಟ್ಟೆಯ ಕಡೆ ತಲೆ ಹಾಕುವುದಿಲ್ಲವೆಂದು ರಜೆ ಹಾಕಿರುವುದರಿಂದ, ಭಾವನ ಬಾಯಿಂದ ಸೆಟ್ಟನ್ನು ಜಪ್ತಿ ಮಾಡಲು ತಾವೇ ಹೊರಟಿದ್ದೀರೆಂದು ಕೇಳಿ ಸಂತೋಷವಾಯಿತು. ಅವಶ್ಯವಾಗಿ ಬನ್ನಿ, ಸೋಮವಾರ ಹಾಗಲಕಾಯಿಯ ಸರದಿ ಇದೆ. ಮಾರುಕಟ್ಟೆಯಲ್ಲಿ ಇರುವಷ್ಟು ಹೊತ್ತೂ ಎರಡು ಕೈಗಳನ್ನೂ ಜೇಬಿನಲ್ಲೇ ಇಟ್ಟುಕೊಂಡಿರಬೇಕೆಂದು ಮಾತ್ರ ಪ್ರಾರ್ಥನೆ. ಮೂಗು ತುರಿಸಿದರೂ ತಡೆದುಕೊಳ್ಳಿ, ನಮ್ಮ ಭಾವ ಈಗ ಬಹಳ ಬೇಗ ಕೂಗುತ್ತಾರೆ.